ಅಂಬರನಾಥದ ಶಿಲಾದೇಗುಲ

ಮಧ್ಯಯುಗದ ಯೂರೋಪಿನ ಮಹಾ ಇಗರ್ಜಿಗಳ ಚಿತ್ರಗಳನ್ನು ನಮ್ಮ ವಿದ್ಯಾರ್ಥಿಗಳು ಚರಿತ್ರೆಯ ಪುಸ್ತಕಗಳಲ್ಲಿ ಕಂಡಿರುವರಷ್ಟೆ. ಅವಕ್ಕೆ ಕೆಥೆಡ್ರಲ್‌ಗಳೆಂದು ಹೆಸರು. ಬಿಷಪ್ಪನ ಪೀಠವಿರುವ ಇಗರ್ಜಿಗೆ ಮಾತ್ರ ಈ ಹೆಸರು ಸಲ್ಲುವುದು. ಜರ್ಮನಿಯ ಸ್ಪೈಯರ್ ನಗರದ ಕೆಥೆಡ್ರಲ್ ಕ್ರಿ. ಶ. 1061ರಲ್ಲಿ ಪೂಜೆಗೆ ತೆರೆಯಿತು. ಇಟಲಿಯ ಪೀಸಾ ನಗರದಲ್ಲಿ ಅದೇ ದಶಕದಲ್ಲಿ ಇನ್ನೊಂದಕ್ಕೆ ಅಸ್ತಿಭಾರ ಬಿತ್ತು. ಇಂಗ್ಲೆಂಡಿನ ಡರ್ಹಮ್ ಕೆಥೆಡ್ರಲಿನ ಕೆಲಸ ಮೊದಲಾದದ್ದು 1093ರಲ್ಲಿ. ದೂರದ ಈ ಕಟ್ಟಡಗಳ ಹೆಸರುಗಳನ್ನು ನಾವು ಪರೀಕ್ಷೆಗಾಗಿ ಕಂಠಪಾಠ ಮಾಡುತ್ತೇವೆ. ಆದರೆ ಅದೇ ಕಾಲದಲ್ಲಿ, ಅಂದರೆ 1060ರಲ್ಲಿ, ನಮ್ಮ ಭಿವಂಡಿಯಿಂದ ಅರ್ಧ ದಿನದಲ್ಲಿ ಹೋಗಿ ಬರಬಹುದಾದ ಸ್ಥಳದಲ್ಲಿ ಅವಕ್ಕೆ ಸರಿಸಾಟಿಯಾಗಿ ನಿಲ್ಲಬಲ್ಲ ಒಂದು ಶಿಲಾದೇಗುಲವು ಪೂರ್ಣಗೊಂಡಿತೆಂಬುದನ್ನು ಬಲ್ಲವರು ನಮ್ಮಲ್ಲಿ ವಿರಳ. ಅದುವೇ ಅಂಬರನಾಥದ ಶಿವಾಲಯ.

ಭಿವಂಡಿಯಿಂದ ಕಲ್ಯಾಣಕ್ಕೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಕರ್ಜತ್ ಕಡೆಯ ಲೋಕಲ್ ಗಾಡಿ ಹಿಡಿದರೆ ವಿಠ್ಠಲವಾಡಿ, ಉಲ್ಲಾಸನಗರಗಳನ್ನು ದಾಟಿದ ಒಡನೆಯೇ ಅಂಬರನಾಥ ನಿಲ್ದಾಣ. ನಿಲ್ದಾಣದಿಂದ ಪೂರ್ವಕ್ಕೆ ಸುಮಾರು ಎರಡು ಕಿಲೋಮೀಟರ್ ನಡೆದರೆ ವಾಲಧುನಿ ಎಂಬ ಹಳ್ಳದ ದಂಡೆಯಲ್ಲಿ ಕರಿಗಲ್ಲಿನ ಈ ಗುಡಿ ಕಾಣಸಿಗುವುದು. ಮೊದಲ ನೋಟಕ್ಕೆ ಇದು ಅಷ್ಟೇನೂ ಎತ್ತರವಾಗಿ ತೋರದು. ಶಿಖರದ ಮೇಲ್ಭಾಗ ಈಗ ಇಲ್ಲದಿರುವುದೇ ಇದಕ್ಕೆ ಕಾರಣ. ಅದು ಕಟ್ಟುವಾಗಲೇ ಅರ್ಧಕ್ಕೆ ನಿಂತಿತೋ, ಕಟ್ಟಿದ ಮೇಲೆ ಕುಸಿಯಿತೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಎರಡು ಪಕ್ಷಗಳುಂಟು.

ಇಲ್ಲಿಗೆ ಬಂದ ಯಾತ್ರಿಕನನ್ನು ಕೇಳಿದರೆ ದೊರೆಯುವ ಉತ್ತರಗಳು ಎರಡು. ಪಾಂಡವರು ಒಂದೇ ರಾತ್ರಿಯಲ್ಲಿ ಕಟ್ಟಿದರೆಂಬುದು ಒಂದು. ಇದು ‘ಹೇಮಾಡಪಂತಿ’ ದೇವಾಲಯವೆಂಬುದು ಮತ್ತೊಂದು. ಮೊದಲನೆಯದು ಜನಪದದ ಕಥೆ. ಅದರ ಸೊಗಸು ಅದಕ್ಕೇ ಇರಲಿ. ಎರಡನೆಯದು ಚರಿತ್ರೆಯ ವೇಷ ತೊಟ್ಟು ಬರುವುದರಿಂದ ಅದನ್ನು ಒರೆಗೆ ಹಚ್ಚಿ ನೋಡುವುದು ಅಗತ್ಯ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲನ್ನಿಟ್ಟು ಕಟ್ಟಿದ ಹಳೆಯ ಗುಡಿಯನ್ನೆಲ್ಲ ಮಹಾರಾಷ್ಟ್ರದಲ್ಲಿ ಹೇಮಾಡಪಂತಿ ಎನ್ನುವ ವಾಡಿಕೆಯಿದೆ. ಹೇಮಾಡಪಂತನೆಂದರೆ ದೇವಗಿರಿಯ ಯಾದವರ, ಅಂದರೆ ಸೇವುಣರ, ಮಂತ್ರಿಯಾದ ಹೇಮಾದ್ರಿ ಪಂಡಿತ. ಅವನು 1260ರಲ್ಲಿ ಪಟ್ಟಕ್ಕೆ ಬಂದ ಮಹಾದೇವರಾಯನ ಮತ್ತು ಅವನ ತರುವಾಯ ಆಳಿದ ರಾಮಚಂದ್ರನ ಆಸ್ಥಾನಗಳಲ್ಲಿದ್ದವನು. ಅಂಬರನಾಥದ ಗುಡಿಯಾದರೋ ಅವನಿಗಿಂತ ಇನ್ನೂರು ವರ್ಷ ಹಳೆಯದು.

ಇದನ್ನು ನಾವು ಹೇಗೆ ಬಲ್ಲೆವು? ಗುಡಿಯೇ ತನ್ನ ಜನ್ಮಪತ್ರಿಕೆಯನ್ನು ಇಟ್ಟುಕೊಂಡಿದೆ. ಉತ್ತರ ದ್ವಾರದ ಒಳಗಡೆ, ತೊಲೆಯ ಮೇಲೆ, ಸಂಸ್ಕೃತದ ಒಂದು ಚಿಕ್ಕ ಶಾಸನವಿದೆ. ಮಹಾಮಂಡಲೇಶ್ವರ ಮಾಮ್ವಾಣಿರಾಜನ ಕಾಲದಲ್ಲಿ ಈ ದೇವಾಲಯ ನಿರ್ಮಾಣವಾಯಿತೆಂದು ಅದು ಹೇಳುವುದು. ಈ ಮಾಮ್ವಾಣಿಯೇ ಉತ್ತರ ಕೊಂಕಣದ ಶಿಲಾಹಾರ ವಂಶದ ಮುಮ್ಮುಣಿ. ಶಾಸನದಲ್ಲಿ ಶಕವರ್ಷವನ್ನು ಅಂಕೆಗಳಲ್ಲಿ ಕೆತ್ತಲಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿಯ ಪ್ರಸಿದ್ಧ ವೈದ್ಯ ಮತ್ತು ಪ್ರಾಚ್ಯವಿದ್ಯಾ ಪಂಡಿತ ಡಾ. ಭಾವು ದಾಜಿಯವರು ಇದನ್ನು ಮೊದಲು ಓದಿ, ವರ್ಷವು ಶಕ 782 ಎಂದರು. ಮುಂದೆ ಪಂಡಿತ ಭಗವಾನಲಾಲ ಇಂದ್ರಜಿಯವರು ಪುನಃ ಪರಿಶೀಲಿಸಿ, ಮೊದಲ ಅಂಕೆ ಏಳಲ್ಲ, ಒಂಬತ್ತು. ಆದುದರಿಂದ ಶಕ 982 ಎಂದು ತಿದ್ದಿದರು. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತವರ್ಷ ಬರುವುದೆಂಬುದು ನಿಮಗೆ ಗೊತ್ತು. ಮೊದಲಿನ ಓದಿನಂತೆ 860, ತಿದ್ದಿದ ಓದಿನಂತೆ 1060. ಸವೆದ ಕಲ್ಲಿನ ಮೇಲಿನ ಒಂದೇ ಒಂದು ಅಂಕೆಯಿಂದ ಇನ್ನೂರು ವರ್ಷಗಳು ಅತ್ತಿತ್ತ ಆಗುವುವು!

1060 ಎಂಬುದೇ ಸರಿ ಎನ್ನಲು ಅಕ್ಷರದ ಆಕಾರವಲ್ಲದೆ ಬೇರೆ ಸಾಕ್ಷಿಯೂ ಇದೆ. ಮುಮ್ಮುಣಿಯ ಅಣ್ಣನಾದ ಛಿತ್ತರಾಜನ ತಾಮ್ರಪಟವೊಂದು ಮುಂಬಯಿಯ ಭಾಂಡುಪ್ ಬಳಿ ದೊರೆತಿದೆ. ಅದರ ಕಾಲ 1026. 1026ರಲ್ಲಿ ಆಳುತ್ತಿದ್ದವನ ತಮ್ಮನು 860ರಲ್ಲಿ ಗುಡಿ ಕಟ್ಟಿಸಿರುವುದು ಹೇಗೆ ಸಾಧ್ಯ? 860 ಎಂದರೆ ನಮ್ಮ ಅಮೋಘವರ್ಷ ನೃಪತುಂಗನ ಕಾಲ. ಗುಡಿಯು ಅಷ್ಟು ಹಳೆಯದಾಗಿದ್ದರೆ ಕನ್ನಡಿಗರಾದ ನಮಗೆ ಒಂದು ಬಗೆಯ ಹಿಗ್ಗೇನೋ ಆಗುತ್ತಿತ್ತು. ಆದರೆ ಹಿಗ್ಗಿಗಾಗಿ ಚರಿತ್ರೆಯ ಅಂಕೆಯನ್ನು ತಿದ್ದಲಾಗದು. ಛಿತ್ತರಾಜನ ಕಾಲದಲ್ಲಿಯೇ ಕೆಲಸ ಮೊದಲಾಗಿ, ನಡುವೆ ಆಳಿದ ನಾಗಾರ್ಜುನನನ್ನು ದಾಟಿ, ಮೂರನೆಯ ಸೋದರನಾದ ಮುಮ್ಮುಣಿಯ ಕಾಲಕ್ಕೆ ಅದು ಮುಗಿದಿರಬೇಕೆಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ಇನ್ನು ಕಟ್ಟಡದ ವಿಚಾರಕ್ಕೆ ಬರೋಣ. ಗುಡಿಯು ಪಶ್ಚಿಮಾಭಿಮುಖವಾಗಿದೆ. ಮುಂದುಗಡೆ ಮಂಟಪ, ಅದಕ್ಕೆ ಪಶ್ಚಿಮ, ಉತ್ತರ, ದಕ್ಷಿಣಗಳಲ್ಲಿ ಮೂರು ಮುಖಮಂಟಪಗಳು; ಹಿಂದುಗಡೆ, ಪೂರ್ವಕ್ಕೆ, ಗರ್ಭಗೃಹ. ಯೂರೋಪಿನ ಕೆಥೆಡ್ರಲಿಗೂ ಮಹಾದ್ವಾರವಿರುವುದು ಸಾಮಾನ್ಯವಾಗಿ ಪಶ್ಚಿಮಕ್ಕೆ, ಪೂಜಾಪೀಠ ಪೂರ್ವಕ್ಕೆ. ಇದು ಕೇವಲ ಆಕಸ್ಮಿಕವಾದ ಹೋಲಿಕೆ. ಇದರಿಂದ ಒಬ್ಬರನ್ನು ನೋಡಿ ಇನ್ನೊಬ್ಬರು ಕಟ್ಟಿದರೆಂದು ಯಾರೂ ಊಹಿಸಬೇಕಾಗಿಲ್ಲ. ಎರಡರಲ್ಲಿಯೂ ಭಕ್ತನು ಪೂರ್ವಕ್ಕೆ ಮುಖಮಾಡಿ ಬೆಳಕಿನಿಂದ ಮಬ್ಬಿನೊಳಕ್ಕೆ ನಡೆಯುವನೆಂಬುದು ಮಾತ್ರ ನಿಜ. ಅಂಬರನಾಥದಲ್ಲಿ ಇನ್ನೊಂದು ವಿಶೇಷವುಂಟು. ಗರ್ಭಗೃಹವು ಮಂಟಪದ ಮಟ್ಟದಲ್ಲಿಲ್ಲ, ನೆಲಕ್ಕಿಂತ ಕೆಳಗಿದೆ. ಮೆಟ್ಟಿಲುಗಳನ್ನು ಇಳಿದು ಲಿಂಗದ ಬಳಿಗೆ ಹೋಗಬೇಕು. ನಮ್ಮ ನಾಡಿನ ಗುಡಿಗಳಲ್ಲಿ ಹೊಸ್ತಿಲು ದಾಟಿ ದೇವರನ್ನು ಕಂಡು ರೂಢಿಯಾದವರಿಗೆ ಹೀಗೆ ಬಾವಿಗಿಳಿದಂತೆ ಇಳಿದು ದರ್ಶನ ಪಡೆಯುವುದು ಹೊಸ ಅನುಭವ.

ಮಂಟಪದ ನಡುವೆ ನಾಲ್ಕು ಕಂಬಗಳಿವೆ. ತಳದಿಂದ ತಲೆಯವರೆಗೆ ಕೆತ್ತನೆ ತುಂಬಿದ ಈ ಕಂಬಗಳ ಮೇಲೆ ತೊಲೆಗಳು, ತೊಲೆಗಳ ಮೇಲೆ ಸುತ್ತುಸುತ್ತಾಗಿ ಕಿರಿದಾಗುತ್ತ ಹೋಗುವ ಗುಮ್ಮಟದಂಥ ಮಾಡು. ಕರ್ನಾಟಕದ ದೇವಾಲಯಗಳಲ್ಲಿ ಇಂಥದನ್ನು ಭುವನೇಶ್ವರಿ ಎಂದು ಕರೆಯುವರು. ಇದು ನೋಡುವುದಕ್ಕೆ ಗುಮ್ಮಟದಂತಿದ್ದರೂ ಕಟ್ಟಿರುವ ವಿಧಾನ ಬೇರೆ. ಈ ವ್ಯತ್ಯಾಸವನ್ನು ಅರಿತರೆ ಕೆಥೆಡ್ರಲಿಗೂ ನಮ್ಮ ಗುಡಿಗೂ ಇರುವ ಭೇದವನ್ನೇ ಅರಿತಂತೆ. ಆದುದರಿಂದ ಸ್ವಲ್ಪ ವಿವರವಾಗಿ ಹೇಳುವೆವು.

ಒಂದೇ ಅಳತೆಯ ನಾಲ್ಕು ಪುಸ್ತಕಗಳನ್ನು ತೆಗೆದುಕೊಳ್ಳಿರಿ. ಮೇಜಿನ ಅಂಚಿನಲ್ಲಿ ಒಂದರ ಮೇಲೊಂದನ್ನಿಟ್ಟು, ಎಲ್ಲಕ್ಕಿಂತ ಮೇಲಿನದನ್ನು ತನ್ನ ಕೆಳಗಿನದಕ್ಕಿಂತ ಅರ್ಧದಷ್ಟು ಮುಂದಕ್ಕೆ ಚಾಚಿರಿ. ಎರಡನೆಯದನ್ನು ನಾಲ್ಕನೆಯ ಒಂದಂಶ, ಮೂರನೆಯದನ್ನು ಆರನೆಯ ಒಂದಂಶ, ನಾಲ್ಕನೆಯದನ್ನು ಮೇಜಿನಂಚಿನಿಂದ ಎಂಟನೆಯ ಒಂದಂಶ. ಲೆಕ್ಕದ ಪ್ರಕಾರ ಮೇಲಿನ ಪುಸ್ತಕವು ಸಂಪೂರ್ಣವಾಗಿ ಮೇಜಿನ ಆಚೆಗೆ ಇರುವುದು, ಆದರೂ ಬೀಳದು. ನಮ್ಮ ಕೈ ಯಂತ್ರದಷ್ಟು ನಿಖರವಲ್ಲವಾದುದರಿಂದ ಪ್ರತಿಯೊಂದನ್ನೂ ಒಂದು ಕೂದಲೆಳೆಯಷ್ಟು ಹಿಂದಕ್ಕಿಡುವುದು ಕ್ಷೇಮ. ಅಂಬರನಾಥದ ಮಾಡು ನಿಂತಿರುವುದು ಈ ತತ್ತ್ವದ ಮೇಲೆಯೇ. ಒಂದೊಂದು ಸಾಲಿನ ಕಲ್ಲನ್ನೂ ಕೆಳಗಿನ ಸಾಲಿಗಿಂತ ತುಸು ಒಳಕ್ಕೆ ಚಾಚಿಟ್ಟು, ಹಿಂದಿನಿಂದ ಭಾರ ಹೇರಿ, ಹೀಗೆಯೇ ಉಂಗುರದ ಮೇಲೆ ಉಂಗುರವಿಟ್ಟು, ಕೊನೆಗೆ ನಡುವೆ ಉಳಿದ ಕಂಡಿಯನ್ನು ಒಂದು ಕಲ್ಲಿನಿಂದ ಮುಚ್ಚಿಬಿಡುವುದು. ಇಲ್ಲಿ ಎಲ್ಲ ಭಾರವೂ ಬಹುಮಟ್ಟಿಗೆ ನೇರವಾಗಿ ಕೆಳಕ್ಕೆ ಇಳಿಯುವುದು. ಗಾರೆ ಬೇಕಿಲ್ಲ. ಆದರೆ ಕಂಬಗಳ ನಡುವಣ ಅಂತರವನ್ನು ಬಹಳ ಹೆಚ್ಚಿಸುವಂತಿಲ್ಲ.

ಕೆಥೆಡ್ರಲಿನದು ಕಮಾನಿನ ವಿದ್ಯೆ. ಅಲ್ಲಿ ಬೆಣೆಯಾಕಾರದ ಕಲ್ಲುಗಳು ಒಂದನ್ನೊಂದು ಒತ್ತಿಕೊಂಡು ನಿಲ್ಲುವುವು. ಈ ಒತ್ತಡವು ಕೆಳಕ್ಕಷ್ಟೇ ಅಲ್ಲ, ಪಕ್ಕಕ್ಕೂ ತಳ್ಳುವುದು. ಗೋಡೆ ಹೊರಕ್ಕೆ ಬಾಗದಂತೆ ಹೊರಗಿನಿಂದ ಒತ್ತುಗೊಡಬೇಕು. ಚಿತ್ರಗಳಲ್ಲಿ ಫ್ರಾನ್ಸಿನ ಕೆಥೆಡ್ರಲುಗಳ ಸುತ್ತ ಜೇಡನ ಕಾಲುಗಳಂತೆ ಚಾಚಿಕೊಂಡಿರುವ ಕಲ್ಲಿನ ಊರೆಗಳು ಈ ಕೆಲಸಕ್ಕಾಗಿಯೇ ಇರುವುವು. ಹೀಗೆ ಭಾರವನ್ನು ಹೊರಕ್ಕೆ ಸಾಗಿಸಿದ ಮೇಲೆ ಗೋಡೆಗೆ ಹೊರೆ ಕಡಿಮೆಯಾಗಿ, ಅದರಲ್ಲಿ ದೊಡ್ಡ ಕಿಟಕಿಗಳನ್ನು ತೆರೆದು ಬಣ್ಣದ ಗಾಜು ತುಂಬಿಸುವುದು ಸಾಧ್ಯವಾಯಿತು. ಅಲ್ಲಿಯ ಶಿಲ್ಪಿ ಬೆಳಕನ್ನು ಒಳಕ್ಕೆ ತಂದನು. ಇಲ್ಲಿಯ ಶಿಲ್ಪಿ ಗೋಡೆಯನ್ನು ದಪ್ಪವಾಗಿಯೇ ಉಳಿಸಿ ಅದರ ಹೊರಮೈಯಲ್ಲಿ ಬೆಳಕನ್ನು ಆಡಿಸಿದನು. ಕಮಾನಿನ ವಿದ್ಯೆಯನ್ನು ಕಣ್ಣಾರೆ ಕಾಣಬೇಕೆನ್ನುವವರು ಯೂರೋಪಿಗೇನೂ ಹೋಗಬೇಕಾಗಿಲ್ಲ. ಭಿವಂಡಿ ರೋಡ್ ನಿಲ್ದಾಣದಿಂದ ರೈಲಿನಲ್ಲಿ ವಸಯಿಗೆ ಹೋಗಿ, ಅಲ್ಲಿಯ ಕೋಟೆಯೊಳಗೆ ಪೋರ್ಚುಗೀಜರು ಹದಿನಾರನೆಯ ಶತಮಾನದಿಂದ ಕಟ್ಟುತ್ತ ಬಂದ ಇಗರ್ಜಿಗಳ ಅವಶೇಷಗಳನ್ನು ನೋಡಬಹುದು. 1739ರಲ್ಲಿ ಚಿಮಾಜಿ ಅಪ್ಪನು ಗೆದ್ದುಕೊಂಡ ಕೋಟೆಯೇ ಇದು.

ಬೆಳಕನ್ನು ಆಡಿಸಿದನೆಂದೆವಲ್ಲ, ಅದನ್ನು ಅಂಬರನಾಥದ ಹೊರಗೋಡೆಯಲ್ಲಿ ನೋಡಬೇಕು. ಗೋಡೆ ಎಲ್ಲಿಯೂ ಸಪಾಟಾಗಿಲ್ಲ. ಮುಂದೆ ಬಂದು, ಹಿಂದೆ ಸರಿದು, ಮತ್ತೆ ಮುಂದೆ ಬಂದು, ಮೂಲೆಗಳೇ ಮೂಲೆಗಳಾಗಿ ಹೋಗಿದೆ. ಬಿಸಿಲು ಬಿದ್ದಾಗ ಒಂದು ಪಟ್ಟಿ ಬೆಳಗಿ ಪಕ್ಕದ ಪಟ್ಟಿ ಕಪ್ಪಾಗುವುದರಿಂದ, ಇಡೀ ಗುಡಿ ನೆಲದಿಂದ ಮೇಲಕ್ಕೆ ಎದ್ದ ಗೆರೆಗಳ ಕಟ್ಟಿನಂತೆ ಕಾಣುವುದು. ಈ ನಿಂತ ಗೆರೆಗಳನ್ನು ಅಡ್ಡಪಟ್ಟಿಕೆಗಳು ಬಿಗಿಹಿಡಿದಿವೆ. ಪಟ್ಟಿಕೆಗಳ ನಡುವಣ ಗೂಡುಗಳಲ್ಲಿ ಶಿವನ ನಾನಾ ರೂಪಗಳು, ಪಾರ್ವತೀ ಪರಿಣಯ, ಗಣಪತಿ, ಕಾಳಿ, ಇವರ ನಡುನಡುವೆ ಸುರಸುಂದರಿಯರು. ಎಷ್ಟೋ ಮುಖಗಳು ಸವೆದುಹೋಗಿವೆ, ಎಷ್ಟೋ ಕೈಗಳು ಮುರಿದಿವೆ. ಆದರೂ ಒಂದು ಮಾತನ್ನು ಮರೆಯಬಾರದು. ಬೇಲೂರು ಹಳೇಬೀಡುಗಳ ಶಿಲ್ಪಿಗಳಿಗೆ ದೊರೆತದ್ದು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿ ತಾಕಿದಂತೆ ಗಡುಸಾಗುವ ಬಳಪದ ಕಲ್ಲು. ಇಲ್ಲಿಯದು ಸಹ್ಯಾದ್ರಿಯ ಕರಿಯ ಬಸಾಲ್ಟು. ಲಾವಾ ರಸ ಹೆಪ್ಪುಗಟ್ಟಿ ಆದದ್ದು, ಉಳಿಗೆ ಸುಲಭವಾಗಿ ಮಣಿಯದು. ಇದರಲ್ಲಿ ಬೇಲೂರಿನ ಮದನಿಕೆಯರ ಆಭರಣದ ನಯವನ್ನು ಹುಡುಕುವುದು ನ್ಯಾಯವಲ್ಲ. ಈ ಕಲ್ಲಿನಲ್ಲಿ ಇಷ್ಟನ್ನು ಬಿಡಿಸಿದ್ದಾರಲ್ಲ ಎಂಬುದೇ ವಿಸ್ಮಯ.

ಶಿಖರವು ಭೂಮಿಜ ಎಂಬ ಜಾತಿಯದು. ನಾಲ್ಕು ದಿಕ್ಕುಗಳಲ್ಲಿ ನಾಲ್ಕು ಅಗಲವಾದ ಪಟ್ಟಿಗಳು ಬಳ್ಳಿಯಂತೆ ಮೇಲಕ್ಕೆ ಏರುವುವು. ಅವುಗಳ ನಡುವಣ ಜಾಗದಲ್ಲಿ ಪುಟ್ಟ ಕಂಬಗಳ ಮೇಲೆ ಪುಟ್ಟ ಪುಟ್ಟ ಗೋಪುರಗಳು ಅಂತಸ್ತು ಅಂತಸ್ತಾಗಿ, ಮೇಲೇರಿದಂತೆ ಕಿರಿದಾಗುತ್ತ, ಮಣಿಮಾಲೆಗಳನ್ನು ಇಳಿಬಿಟ್ಟಂತೆ ತೋರುವುವು. ಮಾಳವದ ಉದಯಪುರದಲ್ಲಿ ಪರಮಾರ ಉದಯಾದಿತ್ಯನು ಕಟ್ಟಿಸಿ 1080ರ ಹೊತ್ತಿಗೆ ಮುಗಿಸಿದ ಉದಯೇಶ್ವರ ದೇವಾಲಯ ಈ ಜಾತಿಯ ಶಿಖರಕ್ಕೆ ಹೆಸರುವಾಸಿ. ಕಾಲ ಖಚಿತವಾಗಿ ತಿಳಿದಿರುವ ಭೂಮಿಜ ದೇವಾಲಯಗಳಲ್ಲಿ ಅಂಬರನಾಥವು ಅತ್ಯಂತ ಹಳೆಯವುಗಳಲ್ಲೊಂದು. ಇದರ ಪೂರ್ಣ ಶಿಖರ ಹೇಗಿದ್ದೀತೆಂದು ಊಹಿಸಲು ಬಯಸುವವರು ನಾಸಿಕ ಜಿಲ್ಲೆಯ ಸಿನ್ನರಿನಲ್ಲಿರುವ ಗೋಂದೇಶ್ವರನ ಗುಡಿಯನ್ನು ನೋಡಬಹುದು. ಊರಿಗೆ ಹೋದಾಗ ಬೇಲೂರಿಗೆ ಹೋಗುವ ಅವಕಾಶವಿದ್ದರೆ, ಚೆನ್ನಕೇಶವನ ಬಾಗಿಲುಗಳ ಮೆಟ್ಟಿಲ ಇಕ್ಕೆಲಗಳಲ್ಲಿ ನಿಂತಿರುವ ಚಿಕ್ಕ ಗುಡಿಗಳ ಶಿಖರಗಳನ್ನು ಗಮನಿಸಿರಿ, ಅವೂ ಭೂಮಿಜವೇ. ಅಲ್ಲಿಯೂ ಮುಖ್ಯ ದೇವಾಲಯದ ಶಿಖರ ಇಂದು ಉಳಿದಿಲ್ಲ.

ಈ ಗುಡಿಯನ್ನು ಕಟ್ಟಿಸಿದ ಶಿಲಾಹಾರರು ಯಾರು? ಕನ್ನಡ ಮಕ್ಕಳಿಗೆ ಇದು ತಿಳಿದಿರಲೇಬೇಕಾದ ವಿಷಯ. ಠಾಣೆ, ಅಂದಿನ ಸ್ಥಾನಕ, ಇವರ ಮುಖ್ಯ ನಗರಗಳಲ್ಲೊಂದು. ಮೊದಲು ಇವರು ರಾಷ್ಟ್ರಕೂಟರ ಸಾಮಂತರಾಗಿದ್ದರು. ಬೊರಿವಲಿಯ ಬಳಿಯ ಕಾನ್ಹೇರಿ ಗುಹೆಗಳಲ್ಲಿ ಇವರ ಕಾಲದ ಶಾಸನಗಳಿದ್ದು, ಅವುಗಳಲ್ಲಿ ಅಮೋಘವರ್ಷನ ಹೆಸರೂ ಅವನ ಕೈಕೆಳಗೆ ಕೊಂಕಣವನ್ನು ಆಳುತ್ತಿದ್ದ ಪುಲ್ಲಶಕ್ತಿ ಮತ್ತು ಕಪರ್ದಿ ಎಂಬ ಶಿಲಾಹಾರರ ಹೆಸರುಗಳೂ ಕಂಡುಬರುವುವು. ತಗರಪುರದ ಒಡೆಯರೆಂಬುದು ಇವರ ಬಿರುದು. ಇದು ಇಂದಿನ ಧಾರಾಶಿವ ಜಿಲ್ಲೆಯ ತೇರ್ ಎಂಬ ಊರು. ಇವರ ಬಿರುದಾವಳಿಯಲ್ಲಿ ‘ಮಲಗಲಗಂಡ’, ‘ನನ್ನಿಸಮುದ್ರ’ ಎಂಬ ಮಾತುಗಳು ಬರುವುವು. ಗಂಡನೆಂದರೆ ಹಳಗನ್ನಡದಲ್ಲಿ ವೀರ, ನನ್ನಿಯೆಂದರೆ ಸತ್ಯ. ಸಂಸ್ಕೃತದ ತಾಮ್ರಪಟಗಳ ನಡುವೆ ಈ ಕನ್ನಡ ನುಡಿಗಳು ಇಣುಕುವುದನ್ನು ಕಂಡಾಗ ಪರದೇಶದ ಸಂತೆಯಲ್ಲಿ ನಮ್ಮೂರಿನವರ ದನಿ ಕೇಳಿದಂತಾಗುವುದು. 1026ರ ಭಾಂಡುಪ್ ತಾಮ್ರಪಟದಲ್ಲಿ ಅಧಿಕಾರಿಗಳ ಪಟ್ಟಿಯೊಂದಿದೆ. ನಾಗಣಯ್ಯನೆಂಬವನು ಸರ್ವಾಧಿಕಾರಿ. ಸಂಧಿವಿಗ್ರಹಿ, ಎಂದರೆ ಯುದ್ಧ ಶಾಂತಿಗಳ ಮಂತ್ರಿ, ಇರುವುದಲ್ಲದೆ ಕರ್ಣಾಟದ ವ್ಯವಹಾರಕ್ಕೆಂದೇ ಬೇರೊಬ್ಬ ಸಂಧಿವಿಗ್ರಹಿಯೂ ಇದ್ದನು. ಆ ಹೊತ್ತಿಗೆ ರಾಷ್ಟ್ರಕೂಟರು ಅಳಿದು ಚಾಲುಕ್ಯರು ಪ್ರಬಲರಾಗಿದ್ದರು. ಮುಂದೆ ಆ ಚಾಲುಕ್ಯರ ರಾಜಧಾನಿಯಾದ ಕಲ್ಯಾಣವು ಬೀದರ ಜಿಲ್ಲೆಯ ಬಸವಕಲ್ಯಾಣವೇ ಹೊರತು ನಾವು ರೈಲು ಬದಲಿಸುವ ಈ ಕಲ್ಯಾಣವಲ್ಲ. ಇವೆರಡನ್ನೂ ಬೆರೆಸಿ ಬರೆಯುವವರು ಇದ್ದಾರಾದ್ದರಿಂದ ಹೇಳಿದೆವು.

ಭಿವಂಡಿಗೇ ಸೇರಿದ ಸಾಕ್ಷ್ಯವೊಂದಿದೆ. ತಾಲ್ಲೂಕಿನ ಭಾದಾನೆ ಗ್ರಾಮದ ತಾಮ್ರಪಟಗಳು ಮುಮ್ಮುಣಿಗಿಂತ ಹಿಂದಿನ ಅಪರಾಜಿತನೆಂಬ ಅರಸನವು. ಕಾಲ ಶಕ 919, ಅಂದರೆ 997. ರಾಷ್ಟ್ರಕೂಟರ ಕೊನೆಯ ದೊರೆ ಕಕ್ಕಲನನ್ನು ತೈಲಪನು 973ರಲ್ಲಿ ಸೋಲಿಸಿ ಇಪ್ಪತ್ತನಾಲ್ಕು ವರ್ಷಗಳಾಗಿದ್ದುವು. ಆದರೂ ಅಪರಾಜಿತನು ತನ್ನ ಶಾಸನದಲ್ಲಿ ಮೊದಲು ರಾಷ್ಟ್ರಕೂಟರ ವಂಶಾವಳಿಯನ್ನು ಬರೆಸಿ, ರಟ್ಟರ ರಾಜ್ಯವು ನೆನಪಾಗಿ ಮಾತ್ರ ಉಳಿಯಿತೆಂದು ಮರುಗಿದ ತರುವಾಯವೇ ತನ್ನ ಮನೆತನದ ಮಾತನ್ನು ಎತ್ತುತ್ತಾನೆ. ಬಿದ್ದುಹೋದ ಒಡೆಯನನ್ನು ಹೀಗೆ ನೆನೆದ ಸಾಮಂತರು ಚರಿತ್ರೆಯಲ್ಲಿ ಹೆಚ್ಚು ಮಂದಿ ಇಲ್ಲವೆಂದು ನಮ್ಮ ಭಾವನೆ.

ಶಿಲಾಹಾರರ ಕೊನೆ ಸಮುದ್ರದಲ್ಲಾಯಿತು. ಹದಿಮೂರನೆಯ ಶತಮಾನದ ಏಳನೆಯ ದಶಕದಲ್ಲಿ ಯಾದವ ಮಹಾದೇವನು ಕೊಂಕಣದ ಮೇಲೆ ಬಿದ್ದಾಗ ಕೊನೆಯ ಅರಸ ಸೋಮೇಶ್ವರನು ಹಡಗಿನಲ್ಲಿ ಹೋರಾಡಿ ಮಡಿದನು. ಮಹಾದೇವನ ಕೋಪಾಗ್ನಿಗಿಂತ ಕಡಲಿನಲ್ಲಿ ಮುಳುಗುವುದೇ ಮೇಲೆಂದು ಸೋಮೇಶ್ವರನು ಎಣಿಸಿದನೆಂದು ಗೆದ್ದವರ ಕಡೆಯ ಪಂಡಿತನು ಪದ್ಯ ಕಟ್ಟಿದನು. ಕೆಥೆಡ್ರಲುಗಳಲ್ಲಿ ಅರಸರ, ಯೋಧರ ಸಮಾಧಿಗಳ ಮೇಲೆ ಅವರ ಶಿಲಾಪ್ರತಿಮೆಗಳನ್ನು ಮಲಗಿಸುವರಷ್ಟೆ. ನಮ್ಮ ದೇಶದಲ್ಲಿ ಆ ಸ್ಥಾನ ವೀರಗಲ್ಲುಗಳದು. ಬೊರಿವಲಿಯ ಏಕ್ಸರಿನಲ್ಲಿರುವ ಆರು ವೀರಗಲ್ಲುಗಳಲ್ಲಿ ಹುಟ್ಟು ಹಾಕುವ ನಾವಿಕರು, ಸಾಲುಗಟ್ಟಿದ ಯುದ್ಧನೌಕೆಗಳು, ಮೇಲೆ ಸ್ವರ್ಗಸ್ಥನಾದ ವೀರ, ಎಲ್ಲವೂ ಕೆತ್ತಲ್ಪಟ್ಟಿವೆ. ಇದು ಸೋಮೇಶ್ವರನ ಆ ಕೊನೆಯ ಕಾಳಗದ ಚಿತ್ರವೆಂದು ಕೆಲವು ವಿದ್ವಾಂಸರು ಎಣಿಸುತ್ತಾರೆ.

ಮೇಲೆ ಹೇಳಿದ ಪದ್ಯವನ್ನು ಕಟ್ಟಿದ ಪಂಡಿತನಾರೆಂದು ವಾಚಕರು ಊಹಿಸಿರಬಹುದು. ಅವನೇ ಹೇಮಾದ್ರಿ. ಶಿಲಾಹಾರರನ್ನು ಅಳಿಸಿದ ದೊರೆಯ ಮಂತ್ರಿ. ಅವರ ಅರಸನು ಮುಳುಗಿದ್ದನ್ನು ಹಾಡಿಹೊಗಳಿದವನು. ಅಂಥವನ ಹೆಸರು ಶಿಲಾಹಾರರ ಗುಡಿಗೇ ಅಂಟಿಕೊಂಡಿದೆ! ಹೇಮಾದ್ರಿಯು ದೊಡ್ಡ ವಿದ್ವಾಂಸನೆಂಬುದರಲ್ಲಿ ಸಂಶಯವಿಲ್ಲ. ಆದರೆ ಅವನು ಹುಟ್ಟುವುದಕ್ಕೆ ಬಹಳ ಮೊದಲೇ ಈ ಗುಡಿಯ ಕಲ್ಲುಗಳು ತಮ್ಮ ಸ್ಥಾನದಲ್ಲಿ ಕುಳಿತಿದ್ದುವು. ಉತ್ತರ ದ್ವಾರದ ತೊಲೆಯಲ್ಲಿ ಮುಮ್ಮುಣಿಯ ಹೆಸರಿರುವಾಗ ನಾವು ಬೇರೆ ಹೆಸರನ್ನು ಹೇಳುವುದೇಕೆ?

1868ರಲ್ಲಿ ಸರ್ಕಾರವು ಮುಂಬಯಿಯ ಕಲಾಶಾಲೆಯ ಟೆರ್ರಿ ಎಂಬ ಅಧ್ಯಾಪಕರನ್ನು ಇಲ್ಲಿಗೆ ಕಳುಹಿಸಿ ಶಿಲ್ಪಗಳ ನಕ್ಷೆಗಳನ್ನೂ ಪ್ಲಾಸ್ಟರಿನ ಅಚ್ಚುಗಳನ್ನೂ ಮಾಡಿಸಿತು. ಅವರೊಡನೆ ದುಡಿದವರು ಆ ಶಾಲೆಯ ವಿದ್ಯಾರ್ಥಿಗಳು. ಈಗ ಗುಡಿಯು ಭಾರತೀಯ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಪೂಜೆಯೂ ನಿಂತಿಲ್ಲ. ಮಹಾಶಿವರಾತ್ರಿಯಂದು ಇಲ್ಲಿ ದೊಡ್ಡ ಜಾತ್ರೆ ನೆರೆಯುವುದು. ಕಲ್ಲಿಗೆ ಮಾತ್ರ ಕ್ಷೇಮವಿಲ್ಲ. ಮಳೆಗಾಲದ ನೀರು ಸಂದುಗಳಲ್ಲಿ ಇಳಿಯುವುದು; ಕೆಲವು ಕಲ್ಲುಗಳ ಮೈ ಹೊಪ್ಪಳಿಕೆಯಾಗಿ ಏಳುವುದು; ವಾಲಧುನಿಯ ನೀರು ಸುತ್ತಣ ಕಾರ್ಖಾನೆಗಳ ಕೊಳೆಯಿಂದ ಕೆಟ್ಟಿದೆ. ಎಣ್ಣೆ ಕುಂಕುಮಗಳ ಲೇಪವೂ ಮೂರ್ತಿಗಳ ಮೇಲೆ ಬೀಳುತ್ತದೆ. ಭಕ್ತಿಯನ್ನು ತೋರಲು ಒಳಗೆ ಲಿಂಗವಿದೆ. ಹೊರಗೋಡೆಯ ಶಿಲ್ಪವನ್ನು ಕಣ್ಣಿನಿಂದ ನೋಡಿದರೆ ಸಾಕು.

ನೋಡಲು ಹೋಗುವವರು ಮಳೆಗಾಲ ಕಳೆದ ಮೇಲೆ ಹೋಗುವುದು ಲೇಸು. ಬೆಳಿಗ್ಗೆ ಗರ್ಭಗೃಹದ ಹಿಂಭಾಗಕ್ಕೂ, ಮಧ್ಯಾಹ್ನ ಕಳೆದ ಮೇಲೆ ಮುಂಭಾಗಕ್ಕೂ ಬಿಸಿಲು ಬೀಳುವುದು. ಉತ್ತರದ ಗೋಡೆ ಚಳಿಗಾಲದಲ್ಲಿ ನೆರಳಿನಲ್ಲಿಯೇ ಇರುವುದರಿಂದ ಅಲ್ಲಿ ನಿಧಾನವಾಗಿ ನಿಲ್ಲಬೇಕು. ಪೆನ್ಸಿಲು ಕಾಗದಗಳನ್ನು ಒಯ್ದು ಒಂದು ಮೂಲೆಯನ್ನಾದರೂ ಬರೆದುಕೊಂಡರೆ ಗೋಡೆ ಎಷ್ಟು ಸಲ ಒಳಹೊರಗಾಗಿದೆಯೆಂಬುದು ಕೈಗೆ ತಿಳಿಯುವುದು. ಇನ್ನೊಂದು ದಿನ ಸಿಕ್ಕಿದರೆ ಭಿವಂಡಿ ತಾಲ್ಲೂಕಿನಲ್ಲಿಯೇ ಇರುವ ಲೋನಾಡಿಗೆ ಹೋಗಬಹುದು. ಅಲ್ಲಿ ಬೌದ್ಧರ ಹಳೆಯ ಗುಹೆಯೂ ಶಿಥಿಲವಾದ ಶಿವಾಲಯವೂ ಇವೆ. ಭಾದಾನೆಯ ತಾಮ್ರಪಟದಲ್ಲಿ ಅಪರಾಜಿತನು ಆ ಗ್ರಾಮವನ್ನು ದತ್ತಿ ಬಿಟ್ಟದ್ದು ಲವಣೇತಟದ ಲೋಣಾದಿತ್ಯನೆಂಬ ಸೂರ್ಯದೇವನಿಗೆ. ಆ ಲವಣೇತಟವೇ ಇಂದಿನ ಲೋನಾಡು.